ಗಲಭೆಯ ಸಾಕ್ಷ್ಯಚಿತ್ರ ನೋಡಿ ಮಾತು ಬಿಟ್ಟ ತಂದೆ-ಮಗ: ಒಂದು ಆಪ್ತಸಲಹೆ ಪ್ರಕರಣ

ಈ ಪ್ರಕರಣ ತುಮಕೂರಿನ ಒಂದು ಕುಟುಂಬದ್ದು. ಮನೆಯ ನಾಲ್ವರೂ ಓದಿ ಒಪ್ಪಿದ ಮೇಲೆಯೇ ಇದನ್ನು ಹೊರಗೆ ಕೊಡುತ್ತಿದ್ದೇನೆ. ಮನಸ್ಸಿನ ತೊಂದರೆಗೆ ನೆರವು ಪಡೆದವರ ವಿವರಗಳು ಗೋಪ್ಯವಾಗಿ ಉಳಿಯಬೇಕೆಂಬುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕೊಟ್ಟಿರುವ ಹಕ್ಕು. ಆದ್ದರಿಂದ ವಯಸ್ಸು, ನೌಕರಿ, ವಾಸದ ಜಾಗಕ್ಕೆ ಸಂಬಂಧಿಸಿದ ಕೆಲವು ವಿವರಗಳನ್ನು ಬದಲಾಯಿಸಿದ್ದೇನೆ. ಮನೆಯ ಹಿರಿಯರು ಬಂದೋಬಸ್ತಿಗೆ ಹೋಗಿದ್ದ ಗಲಭೆ ಯಾವುದೆಂಬುದನ್ನು ಮಾತ್ರ ಬದಲಾಯಿಸಿಯೂ ಬರೆದಿಲ್ಲ. ಬೆಂಗಳೂರಿನಲ್ಲಿ 1991ರಲ್ಲಿ ಕಾವೇರಿ ಮಧ್ಯಂತರ ಆದೇಶದ ಬೆನ್ನಿಗೆ, 2006ರಲ್ಲಿ ಡಾ. ರಾಜ್‌ಕುಮಾರ್ ನಿಧನದ ಬೆನ್ನಿಗೆ, 2016ರಲ್ಲಿ ಮತ್ತೆ ಕಾವೇರಿ ನೀರಿನ ವಿಷಯಕ್ಕೆ ಹಿಂಸೆ ನಡೆದದ್ದು ಎಲ್ಲರಿಗೂ ಗೊತ್ತಿದೆ, ಅಂಥ ದಿನಗಳಲ್ಲಿ ಹೊರ ಜಿಲ್ಲೆಗಳಿಂದ ಪೊಲೀಸ್ ತುಕಡಿಗಳನ್ನು ಕರೆಸುವುದೂ ವಾಡಿಕೆ. ಅಂಥ ಒಂದು ಗಲಭೆ ಎಂದು ತಿಳಿದರೆ ಸಾಕು.

ಮೊದಲು ನನ್ನ ಬಳಿ ಬಂದವರು ಅತ್ತೆ ಮತ್ತು ಸೊಸೆ. ಮಾವನವರು ಮೀಸಲು ಪಡೆಯಲ್ಲಿ ಕಾನ್ಸ್‌ಟೇಬಲ್ ಆಗಿ ಸೇರಿ, ಹೆಡ್ ಕಾನ್ಸ್‌ಟೇಬಲ್ ಆಗಿ ನಿವೃತ್ತರಾದವರು. ಮಗ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರ ನೌಕರ. ವಾರದಲ್ಲಿ ಕೆಲವು ದಿನ ಬೆಳಗಿನ ರೈಲಿಗೆ ಹೋಗಿ ರಾತ್ರಿ ಮರಳುತ್ತಾನೆ, ಉಳಿದ ದಿನ ಮನೆಯಿಂದಲೇ ಕೆಲಸ. ತಂದೆ-ಮಗ ಕೆಲವು ವಾರಗಳಿಂದ ಮಾತಾಡುತ್ತಿಲ್ಲ, ಮಾವನವರು ರಾತ್ರಿ ನಿದ್ದೆ ಮಾಡುತ್ತಿಲ್ಲ, ಜಗಳಕ್ಕೆ ಕಾರಣ ಅಮೆರಿಕದ ರಾಜಕೀಯ ಎಂದು ಸೊಸೆ ಹೇಳಿದಾಗ ಅತ್ತೆ ಮುಖ ಬೇರೆ ಕಡೆ ತಿರುಗಿಸಿ, "ನಮ್ಮ ಮನೇಲಿ ರೇಷನ್ ಕಾರ್ಡಿನ ಜಗಳಾನೇ ಆಗಿಲ್ಲ ಮೇಡಂ, ಇನ್ನು ಅಮೆರಿಕದ ಜಗಳ" ಎಂದರು.

ನಡೆದದ್ದು ಇಷ್ಟು. 2025ರ ಜನವರಿ 20ರಂದು ಎರಡನೆಯ ಬಾರಿ ಅಧಿಕಾರ ಸ್ವೀಕರಿಸಿದ ಡೊನಾಲ್ಡ್ ಟ್ರಂಪ್ ಅದೇ ದಿನ, 2021ರ ಜನವರಿ 6ರ ದಾಳಿಗೆ ಸಂಬಂಧಿಸಿ ಶಿಕ್ಷೆಯಾಗಿದ್ದ ಸುಮಾರು 1,500 ಮಂದಿಗೆ ಕ್ಷಮಾದಾನ ನೀಡಿದರು. ಸುದ್ದಿ ಓದಿದ ಮಗ, ಆ ದಾಳಿಯ ಬಗ್ಗೆ ಬಂದಿರುವ ಸಾಕ್ಷ್ಯಚಿತ್ರವೊಂದನ್ನು ಭಾನುವಾರ ರಾತ್ರಿ ಊಟದ ಹೊತ್ತಿಗೆ ಹಾಲ್‌ನ ಟಿ.ವಿ.ಯಲ್ಲಿ ಹಾಕಿದ. 2020ರ ಚುನಾವಣೆಯ ಮತಗಳನ್ನು ಅಧಿಕೃತಗೊಳಿಸಲು ಅಮೆರಿಕದ ಸಂಸತ್ತಿನ ಎರಡೂ ಸದನಗಳು ಸೇರಿದ್ದ ಮಧ್ಯಾಹ್ನ, ಸೋತ ಅಭ್ಯರ್ಥಿ ಟ್ರಂಪ್ ಅವರ ಬೆಂಬಲಿಗರು ಸಂಸತ್ತು ಸೇರುವ ಕ್ಯಾಪಿಟಲ್ ಭವನಕ್ಕೆ ನುಗ್ಗಿ ಕಲಾಪವನ್ನು ಗಂಟೆಗಟ್ಟಲೆ ನಿಲ್ಲಿಸಿದ್ದರು. ಸುಮಾರು 140 ಪೊಲೀಸರು ಗಾಯಗೊಂಡರು. ಮತ ಎಣಿಕೆ ಮುಗಿದು ಫಲಿತಾಂಶ ಘೋಷಣೆಯಾಗುವಾಗ ಮರುದಿನ ಬೆಳಗಿನ ಜಾವವಾಗಿತ್ತು. ನುಗ್ಗಿದವರು ತಮ್ಮ ಮೊಬೈಲುಗಳಲ್ಲಿ ತಾವೇ ತೆಗೆದುಕೊಂಡ ದೃಶ್ಯಗಳು ಒಂದು ಕಡೆ, ಪೊಲೀಸರ ಎದೆಯ ಮೇಲಿನ ಕ್ಯಾಮೆರಾ ಹಿಡಿದ ದೃಶ್ಯಗಳು ಇನ್ನೊಂದು ಕಡೆ ಇರುವುದರಿಂದ, ಈ ಘಟನೆಯ ಚಿತ್ರಗಳು ನೋಡುವವನನ್ನು ಒಮ್ಮೆ ಗುಂಪಿನೊಳಗೆ, ಮರುಕ್ಷಣ ಗುಂಪಿನ ಎದುರಿಗೆ ನಿಲ್ಲಿಸುತ್ತವೆ. ಊಟದ ತಟ್ಟೆ ಹಿಡಿದು ನೋಡುವ ಚಿತ್ರ ಅದಲ್ಲ.

ಭವನದ ಪಶ್ಚಿಮ ಬಾಗಿಲಲ್ಲಿ ಒಬ್ಬ ಅಧಿಕಾರಿ ಬಾಗಿಲಿಗೂ ಗುಂಪಿಗೂ ನಡುವೆ ಸಿಕ್ಕಿಕೊಂಡು ಉಸಿರಿಗಾಗಿ ಕೂಗುವ ದೃಶ್ಯವಿದೆ. ಆ ಅಧಿಕಾರಿ ಬದುಕುಳಿದು, 2021ರ ಜುಲೈ 27ರಂದು ಸಂಸತ್ತಿನ ಸಮಿತಿಯ ಮುಂದೆ ಸಾಕ್ಷಿ ನುಡಿದರು. ಆ ದೃಶ್ಯ ಕಳೆದು ಸ್ವಲ್ಪ ಹೊತ್ತಿಗೆ ಕೊಂಬಿನ ಟೋಪಿ ಹಾಕಿ, ಮುಖಕ್ಕೆ ಬಣ್ಣ ಬಳಿದುಕೊಂಡ ಮನುಷ್ಯ ಪರದೆಯ ಮೇಲೆ ಬಂದ, ಮಗ ನಕ್ಕ. ತಂದೆ ತಟ್ಟೆ ಕೆಳಗಿಟ್ಟು ಎದ್ದು, "ಅಲ್ಲಿ ಒಬ್ಬ ಉಸಿರು ಕಟ್ಟಿ ಸಾಯ್ತಾ ಇದಾನೆ, ನಗ್ತೀಯೇನೋ?" ಎಂದು ಕಿರುಚಿ ರಿಮೋಟನ್ನು ಗೋಡೆಗೆ ಎಸೆದರು. ಮಗ, "ನಿನಗೆ ಜನ ಅಂದ್ರೆ ಯಾವಾಗಲೂ ಶತ್ರುಗಳೇ, ಪೊಲೀಸ್ ಬುದ್ಧಿ" ಎಂದ. ಆಮೇಲೆ ಆಡಿದ ಮಾತುಗಳನ್ನು ಸೊಸೆ ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ.

ನಾಲ್ವರನ್ನೂ ಬೇರೆಬೇರೆಯಾಗಿ ಕೂರಿಸಿಕೊಂಡು ಮಾತಾಡಿಸಿದೆ. ದಾಳಿ ಸರಿಯೋ ತಪ್ಪೋ, ಕ್ಷಮಾದಾನ ಸರಿಯೋ ತಪ್ಪೋ ಎಂಬುದನ್ನು ಬದಿಗಿಟ್ಟು, ಕಣ್ಣಿನಿಂದ ಹೋಗದೆ ಉಳಿದಿರುವ ದೃಶ್ಯ ಯಾವುದು, ಅದನ್ನು ನೋಡುವಾಗ ಮೈಯಲ್ಲಿ ಏನಾಯಿತು ಎಂದಷ್ಟೇ ಕೇಳಿದೆ. ಇಂಥ ಚಿತ್ರ ನೋಡಿದ ಮೇಲೆ ಮನೆಮಂದಿ ಅಭಿಪ್ರಾಯದಿಂದಲೇ ಮಾತು ಶುರುಮಾಡುತ್ತಾರೆ. ಆದರೆ ಆ ಅಭಿಪ್ರಾಯ ಹುಟ್ಟುವ ಮುಂಚೆ ಎದೆ ಹೊಡೆದುಕೊಂಡಿರುತ್ತದೆ, ಕೈ ತಣ್ಣಗಾಗಿರುತ್ತದೆ, ಇಲ್ಲವೇ ಏನೂ ಆಗದೆ ನಗು ಬಂದಿರುತ್ತದೆ, ಮತ್ತು ಜಗಳದ ಬಹುಪಾಲು ಅಲ್ಲಿಯದು ಎಂಬುದು ನನ್ನ ಅನುಭವ.

ಸೊಸೆಗೆ ಉಳಿದದ್ದು, ಸಂಸತ್ತಿನ ಕಚೇರಿಯ ಕಿರಿಯ ಸಿಬ್ಬಂದಿ ಕೋಣೆಯ ಬಾಗಿಲು ಭದ್ರಪಡಿಸಿ ದೀಪ ಆರಿಸಿ ಮೇಜಿನ ಕೆಳಗೆ ಅಡಗಿ ಕುಳಿತದ್ದು. ತನ್ನ ಕಚೇರಿಯ ಬಾಗಿಲಿಗೆ ಚಿಲಕವೇ ಇಲ್ಲವೆಂಬುದು ಆಗ ನೆನಪಾಯಿತು ಎಂದಳು. ಎರಡು ದಿನದಲ್ಲಿ ಅದು ಮರೆತೂ ಹೋಯಿತು. ಹೆಚ್ಚಿನ ವೀಕ್ಷಕರಿಗೆ ಆಗುವುದು ಇಷ್ಟೇ, ಇದಕ್ಕೆ ಸಲಹೆಯ ಅಗತ್ಯವಿಲ್ಲ.

ಮಗನ ನಗುವಿನಲ್ಲಿ ಕ್ರೌರ್ಯ ಇರಲಿಲ್ಲ. ಆ ದಾಳಿಯ ತುಣುಕುಗಳನ್ನು ನಾಲ್ಕು ವರ್ಷಗಳಿಂದ ಮೊಬೈಲಿನಲ್ಲಿ, ತಮಾಷೆಯ ಚಿತ್ರಗಳಾಗಿ, ಸಹೋದ್ಯೋಗಿಗಳ ಗುಂಪುಗಳಲ್ಲಿ ಅವನು ನೋಡುತ್ತಲೇ ಬಂದಿದ್ದ. ಕೊಂಬಿನ ಟೋಪಿಯವನು ಅವನಿಗೆ ಹಳೆಯ ಪರಿಚಯ. ಬಾಗಿಲ ದೃಶ್ಯ ನೆನಪಿದೆಯೇ ಎಂದು ಕೇಳಿದಾಗ, ಆ ಹೊತ್ತಿಗೆ ಮೊಸರು ಹಾಕಿಸಿಕೊಳ್ಳುತ್ತಿದ್ದೆ, ಸರಿಯಾಗಿ ನೋಡಲಿಲ್ಲ ಎಂದ. ಒಂದೇ ಹಾಲ್‌ನಲ್ಲಿ, ಒಂದೇ ಪರದೆಯ ಮುಂದೆ ಕುಳಿತಿದ್ದ ತಂದೆ-ಮಗ ಬೇರೆಬೇರೆ ದೃಶ್ಯಗಳಿಗೆ ಪ್ರತಿಕ್ರಿಯಿಸಿದ್ದರು. ಆದರೆ ತಂದೆ ತನಗೆ ಏನನ್ನೂ ಹೇಳಿಕೊಂಡವರಲ್ಲ, ಮನೆಯಲ್ಲಿಯೂ ಡ್ಯೂಟಿಯಲ್ಲಿದ್ದಂತೆಯೇ ಇದ್ದರು ಎಂಬ ಹಳೆಯ ಬೇಸರ ಅವನಲ್ಲಿತ್ತು, "ಪೊಲೀಸ್ ಬುದ್ಧಿ" ಎಂಬ ಮಾತು ಬಂದದ್ದು ಅಲ್ಲಿಂದ.

ಹಿರಿಯರು ಬರಲು ಒಪ್ಪಿದ್ದು ಕೊನೆಗೆ, ಅದೂ ರಕ್ತದೊತ್ತಡ ತೋರಿಸಿಕೊಂಡು ಬರುವ ನೆಪದಲ್ಲಿ. ಬಂದವರು ಬಾಗಿಲ ಕಡೆ ಮುಖ ಮಾಡಿರುವ ಕುರ್ಚಿಯನ್ನೇ ಆರಿಸಿಕೊಂಡರು. ಚಿತ್ರ ನೋಡಿದ ರಾತ್ರಿಯಿಂದ ಎರಡು ಗಂಟೆಗೆ ಎಚ್ಚರವಾಗುತ್ತದೆ, ಎದೆ ಮೇಲೆ ಭಾರ ಇಟ್ಟ ಹಾಗಾಗುತ್ತದೆ, ಸಂತೆ ಗದ್ದಲ ಬೇಡವೆನಿಸಿ ಅಮಾನಿಕೆರೆ ಕಡೆಯ ಸಂಜೆಯ ವಾಕಿಂಗ್ ಬಿಟ್ಟಿದ್ದೇನೆ ಎಂದರು. ಹೃದಯದ ಪರೀಕ್ಷೆ ಆಗಿತ್ತು, ಅದರಲ್ಲಿ ತೊಂದರೆ ಕಂಡಿರಲಿಲ್ಲ. ಮನೆಯವರಿಗೆ ತಿಳಿಯದ ಇನ್ನೊಂದು ಸಂಗತಿ ಇತ್ತು: ತಾರಸಿಗೆ ಹೋಗಿ ಮೊಬೈಲಿನಲ್ಲಿ ಆ ಬಾಗಿಲ ದೃಶ್ಯವನ್ನು ಮತ್ತೆಮತ್ತೆ ನೋಡುತ್ತಿದ್ದರು. "ಒಂದು ನೋಡಿದರೆ ಅಂಥವೇ ಹತ್ತು ಅದೇ ತೋರಿಸುತ್ತೆ ಮೇಡಂ. ಬೇಡ ಅಂತಲೇ ನೋಡ್ತೀನಿ." ಯಾಕೆ ನೋಡುತ್ತೀರಿ ಎಂದು ಕೇಳಿದೆ. ಅವನು ಹೊರಗೆ ಬರುತ್ತಾನಲ್ಲ, ಅದಕ್ಕೆ ಎಂದರು.

ಬೆಂಗಳೂರಿನ ಆ ಗಲಭೆಯ ದಿನ ಅವರು ಇಕ್ಕಟ್ಟಾದ ರಸ್ತೆಯೊಂದರಲ್ಲಿ ಮುಚ್ಚಿದ ಅಂಗಡಿಯ ಶಟರಿಗೂ ತಳ್ಳಿಕೊಂಡು ಬಂದ ಜನಕ್ಕೂ ನಡುವೆ ಸಿಕ್ಕಿಬಿದ್ದಿದ್ದರು. ವ್ಯಾನ್ ಬರಲಿಲ್ಲ. "ಜೊತೆಯವನ ಬೆಲ್ಟು ಹಿಡಿದುಕೊಂಡಿದ್ದೆ, ಕೈ ಬಿಟ್ಟುಹೋಯ್ತು" ಎಂದು ಹೇಳಿ ನಿಲ್ಲಿಸಿದರು. ಆ ಜೊತೆಯವನಿಗೆ ಏನಾಯಿತೆಂದು ನಾನು ಕೇಳಲಿಲ್ಲ. ಆಘಾತದ ಕಥೆಯನ್ನು ಒಂದೇ ಸಲಕ್ಕೆ ಪೂರ್ತಿ ಹೇಳಿಸಿದರೆ ಮನಸ್ಸು ಹಗುರಾಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ; ಬಲವಂತದಿಂದ ಹೇಳಿಸುವುದು ಉಪಕಾರಕ್ಕಿಂತ ಅಪಕಾರ ಮಾಡಬಹುದೆಂಬುದು ಸಂಶೋಧನೆಗಳಿಂದ ತಿಳಿದಿರುವ ಸಂಗತಿ, ನಾನಂತೂ ಅದನ್ನು ಮಾಡುವುದಿಲ್ಲ.

ಅವರ ಹೆಂಡತಿಗೆ ಉಳಿದ ದೃಶ್ಯ ಚಿತ್ರದಲ್ಲಿ ಇರಲೇ ಇಲ್ಲ. ಗಾಯಗೊಂಡ ಪೊಲೀಸರನ್ನು ನೋಡುತ್ತಿದ್ದಂತೆ ಆಕೆಗೆ ನೆನಪಾದದ್ದು ಕ್ವಾರ್ಟರ್ಸಿನ ಎರಡು ರಾತ್ರಿ: ತುಕಡಿ ಬೆಂಗಳೂರಿಗೆ ಹೋಗಿದೆ ಎಂಬುದಷ್ಟೇ ಗೊತ್ತು, ಯಾರು ಎಲ್ಲಿದ್ದಾರೆಂದು ಹೇಳುವವರಿಲ್ಲ, ವಾಹನದ ಸದ್ದಾದಾಗಲೆಲ್ಲ ಹೆಂಗಸರೆಲ್ಲ ಬಾಗಿಲು ತೆಗೆದು ಬೀದಿಗೆ ಬಂದು ನಿಲ್ಲುತ್ತಿದ್ದರು. ಯಜಮಾನರು ಮೂರನೆಯ ದಿನ ಬಂದು ಸ್ನಾನ ಮಾಡಿ ಮಲಗಿದರು, ಯೂನಿಫಾರ್ಮಿನ ಹರಿದ ತೋಳನ್ನು ತಾನು ಹೊಲಿದೆ, ಇಬ್ಬರೂ ಆ ಮಾತು ಎತ್ತಲಿಲ್ಲ, ಇವತ್ತಿನವರೆಗೂ ಎತ್ತಿಲ್ಲ ಎಂದರು. ಮನೆಯವರು ಆಕೆಯನ್ನು ಜಗಳ ಬಿಡಿಸುವವರೆಂದು ನನ್ನ ಬಳಿ ಕಳಿಸಿದ್ದರು. ನನ್ನ ದೃಷ್ಟಿಯಲ್ಲಿ ಆ ರಾತ್ರಿಯ ಚಿತ್ರದಿಂದ ಪೆಟ್ಟು ತಿಂದ ಎರಡನೆಯ ವ್ಯಕ್ತಿ ಆಕೆಯೇ, ಮತ್ತು ಆಕೆಯನ್ನು ಯಾರೂ ಏನೂ ಕೇಳಿರಲಿಲ್ಲ.

ಟಿ.ವಿ. ನೋಡಿ ಇಷ್ಟೆಲ್ಲ ಆಗುತ್ತದೆಯೇ ಎಂದು ಮಗ ಕೇಳಿದ; ನ್ಯಾಯವಾದ ಪ್ರಶ್ನೆ. 2013ರ ಏಪ್ರಿಲ್‌ನಲ್ಲಿ ಬಾಸ್ಟನ್ ಮ್ಯಾರಥಾನ್ ಓಟದಲ್ಲಿ ಬಾಂಬ್ ಸ್ಫೋಟವಾದ ಮೇಲೆ ನಡೆದ ಅಧ್ಯಯನವೊಂದರಲ್ಲಿ, ಆ ವಾರ ದಿನಕ್ಕೆ ಆರು ಗಂಟೆಗೂ ಹೆಚ್ಚು ಹೊತ್ತು ಸ್ಫೋಟದ ಸುದ್ದಿ, ದೃಶ್ಯಗಳಲ್ಲಿ ಮುಳುಗಿದ್ದವರಲ್ಲಿ ತೀವ್ರ ಒತ್ತಡದ ಲಕ್ಷಣಗಳು ಸ್ಥಳದಲ್ಲಿದ್ದವರಿಗಿಂತಲೂ ಹೆಚ್ಚಾಗಿ ಕಂಡುಬಂದವು. ಹಾಗೆಂದು ಚಿತ್ರ ನೋಡಿದ ಮಾತ್ರಕ್ಕೆ ಆಘಾತೋತ್ತರ ಒತ್ತಡದ ಕಾಯಿಲೆ ಬರುತ್ತದೆ ಎಂದಲ್ಲ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಪರಿಷ್ಕರಿಸಿದ ರೋಗನಿರ್ಣಯ ಕೈಪಿಡಿ, ಕೆಲಸದ ಭಾಗವಾಗಿ ನೋಡಬೇಕಾಗಿ ಬಂದದ್ದನ್ನು ಬಿಟ್ಟರೆ, ಟಿ.ವಿ., ಚಲನಚಿತ್ರಗಳಲ್ಲಿ ಕಂಡದ್ದನ್ನು ಆ ಕಾಯಿಲೆಯ ಮೂಲವೆಂದು ಒಪ್ಪುವುದಿಲ್ಲ. ಇಲ್ಲಿ ಮೂಲ ಹಳೆಯದು. ಮಾಗಿದಂತೆ ಕಂಡ ಗಾಯಕ್ಕೆ ಚಿತ್ರ ತಾಗಿತು, ಅಷ್ಟೆ. ಇದು ಕಾಯಿಲೆಯೋ ಅಲ್ಲವೋ ಎಂಬುದನ್ನು ಹೇಳಬೇಕಾದವರು ಮನೋವೈದ್ಯರು, ನಾನಲ್ಲ ಎಂಬುದನ್ನೂ ಅವನಿಗೆ ತಿಳಿಸಿದೆ.

ಹಿರಿಯರಿಗೆ ಕೊಟ್ಟ ಸಲಹೆಗಳಲ್ಲಿ ಮೊದಲನೆಯದು ಆ ತುಣುಕನ್ನು ನೋಡುವುದನ್ನು ನಿಲ್ಲಿಸುವುದು. ಅಧಿಕಾರಿ ಬದುಕಿದ್ದಾರೆ, ಸಾಕ್ಷಿ ಹೇಳಿದ್ದಾರೆ ಎಂಬುದನ್ನು ಒಮ್ಮೆ ತಿಳಿದುಕೊಂಡ ಮೇಲೆ ಅವರನ್ನು ದಿನವೂ ಬಾಗಿಲಿನಿಂದ ಹೊರತರುವ ಕೆಲಸ ಇವರದಲ್ಲ. ಮೊಬೈಲಿನ ನೋಟದ ಇತಿಹಾಸವನ್ನು ಸೊಸೆ ಅಳಿಸಿಕೊಟ್ಟಳು, ಅಂಥ ತುಣುಕು ಬಂದಾಗ ಬೇಡವೆಂದು ಗುರುತು ಮಾಡುವುದನ್ನು ಕಲಿಸಿದಳು. ರಾತ್ರಿ ಎಚ್ಚರವಾದಾಗ ಮಲಗಿದಲ್ಲೇ ಹೊರಳಾಡದೆ ಎದ್ದು ಕೂತು, ಎರಡೂ ಪಾದ ನೆಲಕ್ಕೆ ಊರಿ, ಇದು ಯಾವ ಊರು, ಯಾವ ವರ್ಷ, ತಾನು ಯಾವ ಮನೆಯಲ್ಲಿದ್ದೇನೆ ಎಂಬುದನ್ನು ಬಾಯಿಬಿಟ್ಟು ಹೇಳಿಕೊಳ್ಳುವುದು. ಉಸಿರನ್ನು ನಾಲ್ಕರವರೆಗೆ ಎಣಿಸುತ್ತ ಎಳೆದು ಆರರವರೆಗೆ ಎಣಿಸುತ್ತ ಬಿಡುವುದು. ಕವಾಯತಿನಲ್ಲಿ ಎಣಿಕೆಗೆ ಹೆಜ್ಜೆ ಹಾಕಿದವರಿಗೆ ಇದು ಬೇಗ ಕೈಹಿಡಿಯಿತು. ನಿದ್ದೆಗೆಂದು ಕುಡಿಯುತ್ತಿದ್ದ ಒಂದಿಷ್ಟನ್ನು ಬಿಡಲು ಹೇಳಿದೆ, ಅದಕ್ಕೆ ಉತ್ತರ ಬರಲಿಲ್ಲ. ಲಕ್ಷಣಗಳು ತಿಂಗಳು ದಾಟಿದ್ದರಿಂದ ಮನೋವೈದ್ಯರನ್ನು ಕಾಣಲೇಬೇಕೆಂದು ಹೇಳಿದೆ. ನಿಮ್ಹಾನ್ಸ್ ಎಂದ ಕೂಡಲೇ ತಲೆ ಅಡ್ಡಡ್ಡ ಆಡಿಸಿದರು, "ನಮ್ಮ ಬ್ಯಾಚಿನವರಿಗೆ ಗೊತ್ತಾದರೆ ಏನಂತಾರೆ" ಎಂದರು. ಸರಿ, ಜಿಲ್ಲಾ ಆಸ್ಪತ್ರೆಯಲ್ಲೇ ಮನೋವೈದ್ಯರಿದ್ದಾರೆ, ಬಿ.ಪಿ. ಮಾತ್ರೆಗೆ ಹೋಗುವ ದಾರಿಯೇ ಅದು ಎಂದಾಗ ಒಪ್ಪಿದರು.

ಕ್ಯಾಪಿಟಲ್ ದಾಳಿಯ ದಿನ ಕರ್ತವ್ಯದಲ್ಲಿದ್ದ ಪೊಲೀಸ್ ಅಧಿಕಾರಿಗಳಲ್ಲಿ ನಾಲ್ವರು ನಂತರದ ದಿನ, ತಿಂಗಳುಗಳಲ್ಲಿ ಆತ್ಮಹತ್ಯೆ ಮಾಡಿಕೊಂಡರೆಂಬುದನ್ನು ಅವರು ಎಲ್ಲಿಯೋ ಓದಿದ್ದರು. "ಗೆದ್ದ ಮೇಲೂ ಯಾಕೆ ಹೋದರು ಮೇಡಂ?" ಎಂದು ಕೇಳಿದರು. ಒಬ್ಬೊಬ್ಬರ ಕಾರಣ ನಮಗೆ ತಿಳಿಯುವುದಿಲ್ಲ, ಒಂದೇ ಘಟನೆಯ ಮೇಲೆ ಹೊರಿಸುವುದೂ ತಪ್ಪು ಎಂದು ಹೇಳಿ, ನಿಮಗೆ ಅಂಥ ಯೋಚನೆ ಬಂದಿದೆಯೇ ಎಂದು ನೇರವಾಗಿ ಕೇಳಿದೆ. ಹೀಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಅಂಜಿಕೆ ಅನೇಕರಿಗಿದೆ, ಅದಕ್ಕೆ ಆಧಾರವಿಲ್ಲ. ಹಿಂದೆ ಒಮ್ಮೆ ಬಂದಿತ್ತು, ಈಗಿಲ್ಲ ಎಂದರು. ಮತ್ತೆ ಬಂದರೆ ಮೊದಲು ಯಾರಿಗೆ ಹೇಳುತ್ತೀರಿ ಎಂಬುದನ್ನು ಅವರ ಕೈಯಲ್ಲೇ ಬರೆಸಿದೆ. ಮೊದಲ ಸಾಲಿನಲ್ಲಿ ಹೆಂಡತಿಯ ಹೆಸರು, ಎರಡನೆಯದರಲ್ಲಿ ಟೆಲಿ-ಮಾನಸ್ ಸಹಾಯವಾಣಿಯ 14416. ಆ ಸಂಖ್ಯೆಯಲ್ಲಿ ಹಗಲೂ ರಾತ್ರಿಯೂ ಕನ್ನಡದಲ್ಲೇ ಉಚಿತವಾಗಿ ಮಾತಾಡಬಹುದು. ಮೂರನೆಯ ಸಾಲನ್ನು ಖಾಲಿ ಬಿಟ್ಟರು.

ಮಗನಿಗೆ ಹೇಳಿದ್ದು ಹೆಚ್ಚಿಲ್ಲ. ತಂದೆಯನ್ನು ಪ್ರಶ್ನಿಸಿ ಕಥೆ ಹೊರತೆಗೆಯಬಾರದು. ಅವರಾಗಿ ಹೇಳಿದರೆ ನಡುವೆ ಬಾಯಿ ಹಾಕದೆ ಕೇಳಬೇಕು. ಇಂಥ ಚಿತ್ರ ನೋಡುವುದಿದ್ದರೆ ಊಟದ ಹೊತ್ತಿನಲ್ಲಿ ಹಾಲ್‌ನಲ್ಲಿ ಬೇಡ, ಹಾಕುವ ಮುಂಚೆ ಏನಿದೆಯೆಂದು ಹೇಳಬೇಕು, ಯಾರಾದರೂ ಎದ್ದುಹೋದರೆ ಅದನ್ನು ಸೋಲೆಂದು ಎಣಿಸಬಾರದು. ಅವನು ಪಟ್ಟು ಬಿಡಲಿಲ್ಲ: ಇವೆಲ್ಲ ಎಡಿಟ್ ಮಾಡಿದ ಚಿತ್ರಗಳು, ಗುಂಪಿನವರಿಗೂ ಅವರದೇ ನೋವಿತ್ತು, ನೀವು ಅಪ್ಪನ ಪಕ್ಷ ವಹಿಸುತ್ತಿದ್ದೀರಿ ಎಂದ. ಎಡಿಟ್ ಮಾಡದ ಸಾಕ್ಷ್ಯಚಿತ್ರ ಇಲ್ಲ ಎಂಬುದನ್ನು ಒಪ್ಪಿದೆ. ಆದರೆ ಅದೇ ದೃಶ್ಯಗಳು ನೂರಾರು ಮೊಕದ್ದಮೆಗಳಲ್ಲಿ ಸಾಕ್ಷ್ಯವಾಗಿ ನ್ಯಾಯಾಲಯದ ಮುಂದೆ ಬಂದಿವೆ, ಆ ಚುನಾವಣೆಯ ಫಲಿತಾಂಶವನ್ನು ಪ್ರಶ್ನಿಸಿದ್ದ 60ಕ್ಕೂ ಹೆಚ್ಚು ದಾವೆಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಬಿದ್ದುಹೋದವು ಎಂಬುದನ್ನು ಹೇಳದೆ ಇರಲಿಲ್ಲ. ಸಲಹೆಗಾರರು ತಟಸ್ಥರಾಗಿರಬೇಕೆಂದರೆ ನಡೆದದ್ದನ್ನು ನಡೆದಿಲ್ಲವೆನ್ನಬೇಕು ಎಂದಲ್ಲ. ಗುಂಪಿನಲ್ಲಿದ್ದವರ ನೋವನ್ನು ಅರ್ಥಮಾಡಿಕೊಳ್ಳುವ ಅವನ ಆಸೆ ಒಳ್ಳೆಯದೇ. ಅಷ್ಟೇ ಕುತೂಹಲವನ್ನು ಪಕ್ಕದ ಕೋಣೆಯಲ್ಲಿ ನಿದ್ದೆಯಿಲ್ಲದೆ ಕೂತವರ ಮೇಲೂ ತೋರಿಸಬಹುದಲ್ಲ ಎಂದೆ. ಅದಕ್ಕೆ ಸಿಟ್ಟು ಮಾಡಿಕೊಂಡು ಹೋದ, ಮುಂದಿನ ಸಲ ಬಂದ.

ಗಂಡ-ಹೆಂಡತಿ ಇಬ್ಬರನ್ನೂ ಒಟ್ಟಿಗೆ ಕೂರಿಸಿದ ದಿನ ಹೆಂಡತಿ ಆ ಎರಡು ರಾತ್ರಿಯ ಮಾತು ತೆಗೆದರು. ಗಂಡನಿಗೆ ಅದು ಗೊತ್ತೇ ಇರಲಿಲ್ಲ. ಆಕೆಗೆ ನಾನು ಸೂಚಿಸಿದ್ದು, ಮನೆಯ ಶಾಂತಿ ಕಾಯುವ ಕೆಲಸದಿಂದ ಸ್ವಲ್ಪ ಬಿಡುವು ತೆಗೆದುಕೊಂಡು, ಹಳೆಯ ಕ್ವಾರ್ಟರ್ಸಿನ ಗೆಳತಿಯರ ಮನೆಗೆ ಹೋಗಿಬರುವುದು. ಆ ರಾತ್ರಿಗಳನ್ನು ಬಲ್ಲವರು ಅವರೇ.

ಈಗ ಹಿರಿಯರು ಔಷಧ ತೆಗೆದುಕೊಳ್ಳುತ್ತಿದ್ದಾರೆ, ನಿದ್ದೆ ಪರವಾಗಿಲ್ಲ, ಸಂಜೆ ಕೆರೆಯ ಕಡೆ ಹೋಗುತ್ತಾರೆ, ಜಾತ್ರೆಯಂಥ ಜನಸಂದಣಿ ಮಾತ್ರ ಇನ್ನೂ ಆಗದು. ಜೊತೆಯವನ ಸಂಗತಿಯನ್ನು ಮನೋವೈದ್ಯರ ಮುಂದೆ ಹೇಳಿದರಂತೆ, ಮಗನಿಗೆ ಹೇಳಿಲ್ಲ. ಕ್ಷಮಾದಾನದ ವಿಚಾರದಲ್ಲಿ ತಂದೆ-ಮಗನಿಗೆ ಇವತ್ತಿಗೂ ಸರಿಬರುವುದಿಲ್ಲ, ಊಟಕ್ಕೆ ಕೂತಾಗ ವಾದ ನಡೆಯುತ್ತದೆ ಎಂದು ಸೊಸೆ ದೂರಿದಳು. ಆ ವಾದ ನನ್ನ ಬಳಿ ತರಬೇಕಾದ್ದಲ್ಲ, ನಡೆಯಲಿ ಬಿಡಿ ಎಂದು ಹೇಳಿ ಕಡತ ಮುಗಿಸಿದೆ.