ರೀಡಿಂಗ್ ಬಂದಿದ್ದು 1.62, ಬರ್ದಿದ್ದು 1.45

ಪ್ರಶ್ನೆ: ಮೇಡಂ, ನಂದು ಎಂಎಸ್ಸಿ ಕೆಮಿಸ್ಟ್ರಿ, ಪೀಣ್ಯ ಕಡೆ ಒಂದು ವಾಟರ್ ಟೆಸ್ಟಿಂಗ್ ಲ್ಯಾಬ್‌ಗೆ ಸೇರಿ 7 ತಿಂಗಳಾಯ್ತು. ಹೋದ ವಾರ ಒಂದು ಅಪಾರ್ಟ್‌ಮೆಂಟಿನ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ 1.62 ಬಂತು. ನಮ್ ಸರ್ 'ಹಳೇ ಪಾರ್ಟಿ ಕಣಮ್ಮ, 1.45 ಹಾಕು, ಏನಾಗಲ್ಲ' ಅಂದ್ರು. ಹಾಕ್ಬಿಟ್ಟೆ, ಬುಕ್ಕಲ್ಲಿ ಸೈನೂ ನಂದೇ. ಅವತ್ತಿಂದ ನಿದ್ದೆ ಬರ್ತಿಲ್ಲ, ಕೆಲ್ಸ ಬಿಡೋ ಹಾಗೂ ಇಲ್ಲ, ಅಪ್ಪಂಗೆ ರಿಟೈರ್ಮೆಂಟ್ ಆಗಿದೆ.
— ಹೆಸರು ಬೇಡ, ದಾಸರಹಳ್ಳಿ

ಉತ್ತರ: ನೋಡಮ್ಮ, ನಿಂಗೆ ನಿದ್ದೆ ಬರ್ತಿಲ್ಲ ಅನ್ನೋದೇ ನಂಗೆ ಸಮಾಧಾನ, ಏಳು ತಿಂಗಳಿಗೇ ಅಭ್ಯಾಸ ಆಗೋಗಿದ್ರೆ ನೀನು ಈ ಕಾಗದ ಬರೀತಾನೇ ಇರ್ಲಿಲ್ಲ. ಕುಡಿಯೋ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ ಲೀಟರ್‌ಗೆ ಫ್ಲೋರೈಡ್ 1 ಮಿಲಿಗ್ರಾಂ ಒಳಗಿರ್ಬೇಕು, ಬೇರೆ ನೀರೇ ಇಲ್ಲ ಅಂದ್ರೆ 1.5 ತನಕ ಅಂತ ನಿಂಗೆ ಗೊತ್ತೇ ಇದೆ. ಆ ಅಪಾರ್ಟ್‌ಮೆಂಟಿನವ್ರು ರಿಪೋರ್ಟ್ ನಂಬ್ಕೊಂಡು ಕಾಯಿಸಿ ಆರಿಸಿ ಮಕ್ಳಿಗೆ ಕೊಡ್ತಾರೆ, ಕಾಯಿಸಿದ್ರೆ ಫ್ಲೋರೈಡ್ ಹೋಗಲ್ಲ, ನೀರು ಆವಿಯಾಗಿ ಇನ್ನಷ್ಟು ಜಾಸ್ತಿ ಆಗುತ್ತೆ.

ಈಗ್ಲೂ ಸರಿ ಮಾಡ್ಬಹುದು. ಸ್ಯಾಂಪಲ್ ಇನ್ನೂ ಚೆಲ್ಲಿಲ್ಲ ತಾನೆ? ಪ್ಲಾಸ್ಟಿಕ್ ಬಾಟ್ಲಲ್ಲಿ ಇಟ್ಟಿದ್ರೆ ಫ್ಲೋರೈಡ್‌ಗೆ 28 ದಿನ ಟೈಮಿದೆ. ಮೀಟರಿನ ಎಲೆಕ್ಟ್ರೋಡ್ ಹೊಸದಾಗಿ ಕ್ಯಾಲಿಬ್ರೇಟ್ ಮಾಡಿ, ಟಿಸಾಬ್ (ರೀಡಿಂಗ್ ಸರಿ ಬರ್ಲಿ ಅಂತ ಸ್ಯಾಂಪಲ್‌ಗೆ ಸೇರಿಸೋ ಬಫರ್ ದ್ರಾವಣ) ಸರಿಯಾಗಿ ಹಾಕಿ, ಇನ್ನೊಂದ್ಸಲ ತೆಗಿ. ಮತ್ತೆ 1.6 ಆಸುಪಾಸು ಬಂದ್ರೆ ಬುಕ್ಕಲ್ಲಿ 1.45 ಮೇಲೆ ಒಂದೇ ಒಂದು ಗೆರೆ, ಕೆಳಗಿರೋ ಅಂಕಿ ಓದೋಕೆ ಬರ್ಬೇಕು, ಪಕ್ಕದಲ್ಲಿ ಸರಿಯಾದ ಅಂಕಿ, ಇವತ್ತಿನ ತಾರೀಖು, ನಿನ್ನ ಸೈನು, ಕಾರಣ. ವೈಟ್ನರ್ ಮುಟ್ಬೇಡ, ಹಾಳೆ ಕೀಳ್ಬೇಡ, ಹಳೇ ತಾರೀಖು ಹಾಕ್ಬೇಡ.

ಆಮೇಲೆ ಸರ್ ಹತ್ರ ಹೋಗಿ 'ನೀವು ತಪ್ಪು ಮಾಡ್ಸಿದ್ರಿ' ಅಂತ ಶುರು ಮಾಡ್ಬೇಡ, 'ಸರ್ ರೀಚೆಕ್ ಮಾಡ್ದೆ, ಇಷ್ಟು ಬಂತು, ರಿವೈಸ್ಡ್ ರಿಪೋರ್ಟ್ ಕೊಡೋಣ' ಅನ್ನು. ಎನ್‌ಎಬಿಎಲ್ (ಲ್ಯಾಬ್‌ಗಳನ್ನ ಪರಿಶೀಲಿಸಿ ಮಾನ್ಯತೆ ಕೊಡೋ ಸಂಸ್ಥೆ) ಮಾನ್ಯತೆ ಇರೋ ಲ್ಯಾಬ್ ಆದ್ರೆ ಲ್ಯಾಬ್‌ಗಳ ಮಾನದಂಡ ಐಎಸ್ಒ 17025 ನಲ್ಲೇ ಅದಕ್ಕೆ ದಾರಿ ಇದೆ, ರಿಪೋರ್ಟ್ ತಿದ್ದಿ ಮತ್ತೆ ಕೊಡೋದು ಅವಮಾನ ಏನಲ್ಲ. ಅಸೆಸರ್‌ಗಳು ಬಂದಾಗ ಯಾವ್ದೋ ಒಂದು ರಿಪೋರ್ಟ್ ಎತ್ಕೊಂಡು ಹಿಂದಕ್ಕೆ ಹಿಂದಕ್ಕೆ ನಿನ್ ಬುಕ್ಕಿಗೆ, ಅಲ್ಲಿಂದ ಮೀಟರ್ ರೆಕಾರ್ಡಿಗೆ ಬರ್ತಾರೆ, ಅವಾಗ ಸರ್ 'ಹುಡ್ಗಿ ಬರ್ದಿದ್ದು' ಅಂದ್ಬಿಟ್ರೆ? ನಾನೂ ಕೆಲ್ಸಕ್ಕೆ ಸೇರಿದ ಹೊಸದ್ರಲ್ಲಿ ಒಂದು ಕಡೆ ಹೀಗೇ ಸೈನ್ ಹಾಕಿ ಸಿಕ್ಕಾಕೊಂಡಿದ್ದೆ, ಹೇಳಿದವ್ರಿಗೆ ಹೇಳಿದ್ದೇ ನೆನಪಿರ್ಲಿಲ್ಲ.

ಸರ್ ಒಪ್ಪಲಿಲ್ಲ ಅಂದ್ರೆ ಕ್ವಾಲಿಟಿ ಮ್ಯಾನೇಜರ್‌ಗೆ ಇಮೇಲಲ್ಲೇ ತಿಳಿಸು, ಬಾಯಿ ಮಾತು ಬೇಡ. ಜೊತೆಗೆ ಮೆಲ್ಲಗೆ ಬೇರೆ ಕೆಲ್ಸಾನೂ ಹುಡುಕ್ತಾ ಇರು. ಪೀಣ್ಯ, ಜಿಗಣಿ, ಬೊಮ್ಮಸಂದ್ರ ಎಲ್ಲಾ ಕಡೆ ಟೆಸ್ಟಿಂಗು, ಫಾರ್ಮಾ ಲ್ಯಾಬ್‌ಗಳಿವೆ, ಇಂಟರ್ವ್ಯೂನಲ್ಲಿ 'ರೀಡಿಂಗ್ ತಪ್ಪಾದ್ರೆ ಹೇಗೆ ತಿದ್ತೀಯ' ಅಂತ ಕೇಳೇ ಕೇಳ್ತಾರೆ.

ಪ್ರಶ್ನೆ: ಮಗ ಎಂಎಸ್ಸಿ ಮೊದಲ್ನೇ ವರ್ಷ. ಯಾವ್ದೋ ಜರ್ನಲ್‌ನವ್ರು 6,000 ಕಟ್ಟಿದ್ರೆ ಮೂರೇ ದಿನದಲ್ಲಿ ಪೇಪರ್ ಹಾಕ್ತೀವಿ ಅಂತಿದ್ದಾರಂತೆ. ಪಿಎಚ್‌ಡಿಗೆ ಅನುಕೂಲ ಆಗುತ್ತಾ?
— ಒಬ್ಬ ತಾಯಿ, ವಿಜಯನಗರ

ಉತ್ತರ: ಬೇಡಮ್ಮಾ, ದುಡ್ಡು ಇಟ್ಕೊಳ್ಳಿ. ದುಡ್ಡು ಕೇಳೋ ಜರ್ನಲ್ ಎಲ್ಲಾ ಮೋಸ ಅಂತಲ್ಲ, ಒಳ್ಳೆಯವೂ ತಗೋತವೆ, ಆದ್ರೆ ಬೇರೆ ವಿಜ್ಞಾನಿಗಳು ಓದಿ ತಪ್ಪು ಹುಡುಕಿ ವಾಪಸ್ ಕಳ್ಸೋಕೆ ಮೂರು ದಿನ ಎಲ್ಲಿ ಸಾಕು, ಮದ್ವೆ ಕಾರ್ಡ್ ಪ್ರಿಂಟ್ ಮಾಡ್ದಂಗಾ ಅದು? ಥೀಸಿಸ್ ಕೊಡೋ ಮುಂಚೆ ಪೇಪರ್ ಕಡ್ಡಾಯ ಅನ್ನೋದನ್ನೂ ಯುಜಿಸಿ 2022 ರ ನಿಯಮದಲ್ಲಿ ತೆಗೆದುಹಾಕಿದೆ, ಯೂನಿವರ್ಸಿಟಿ ಬೇಕಾದ್ರೆ ತನ್ನದೇ ನಿಯಮ ಇಟ್ಕೋಬಹುದು ಅಷ್ಟೆ. ಮಗ ನೆಟ್ ಪರೀಕ್ಷೆಗೆ ಓದ್ಲಿ. ಅದ್ರಲ್ಲಿ ಜೆಆರ್‌ಎಫ್ (ಸಂಶೋಧನೆ ಮಾಡೋರಿಗೆ ಕೊಡೋ ಫೆಲೋಶಿಪ್) ಸಿಕ್ರೆ 2023 ರಿಂದ ತಿಂಗಳಿಗೆ 37,000, ಎರಡು ವರ್ಷ ಆದ್ಮೇಲೆ 42,000. ಇನ್ನೊಂದು, ಸದಾಶಿವನಗರದಲ್ಲಿರೋ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್, ಸರ್ ಸಿ.ವಿ. ರಾಮನ್ 1934 ರಲ್ಲಿ ಕಟ್ಟಿದ್ದು, ಅದು ಇನ್ನೆರಡು ಅಕಾಡೆಮಿಗಳ ಜೊತೆ ಸೇರ್ಕೊಂಡು ಬೇಸಿಗೆ ರಜೇಲಿ ಸ್ಟೂಡೆಂಟ್‌ಗಳಿಗೆ ಫೆಲೋಶಿಪ್ ಕೊಟ್ಟು ವಿಜ್ಞಾನಿಗಳ ಲ್ಯಾಬ್‌ಗೆ ಕಳಿಸುತ್ತೆ. ಬೇಸಿಗೆ ಅಂತ ಏಪ್ರಿಲ್ ತನಕ ಕಾಯೋದು ಬೇಡ, ಅರ್ಜಿ ದೀಪಾವಳಿ ಹೊತ್ತಿಗೇ ಕರೀತಾರೆ.