ಬಳ್ಳಾರಿಯ ಬಿಸಿಲಲ್ಲಿ ಹಳೆಯ ರೆಡ್ ವೈನ್‌ಗಳ ರುಚಿ ಹೋಲಿಸಿ ನೋಡೋದು ಹೇಗೆ?

ಗೆಳೆಯರೆಲ್ಲ ಸೇರಿ ನಾಲ್ಕೈದು ಗಟ್ಟಿ, ಹಳೆಯ ರೆಡ್ ವೈನ್‌ಗಳನ್ನು ಒಟ್ಟಿಗೆ ಇಟ್ಟು ರುಚಿ ನೋಡಬೇಕು, ಬಳ್ಳಾರಿಯಂಥ ಊರಲ್ಲಿ ಇದು ಆಗುತ್ತಾ ಅಂತ ಕೇಳಿದ್ದೀರಿ. ಖಂಡಿತ ಆಗುತ್ತೆ. ನಾನೂ ಬಳ್ಳಾರಿಯವನೇ, ನಾವು ಐದು ಜನ ಚಳಿಗಾಲಕ್ಕೊಮ್ಮೆ ಇದಕ್ಕಂತಲೇ ಕೂರುತ್ತೇವೆ. ಚಳಿಗಾಲವೇ ಯಾಕೆ ಅಂದರೆ, ಮೊದಲ ಸಲ ಏಪ್ರಿಲ್‌ನಲ್ಲಿ ಕೂತು ಕೆಟ್ಟಿದ್ದೇವೆ.

ರೆಡ್ ವೈನನ್ನು ರೂಮ್ ಟೆಂಪರೇಚರ್‌ನಲ್ಲಿ ಕುಡಿಯಬೇಕು ಅನ್ನುತ್ತಾರಲ್ಲ, ಅದು ಯುರೋಪಿನ ತಣ್ಣನೆಯ ಮನೆಗಳ ಲೆಕ್ಕ. 16ರಿಂದ 18 ಡಿಗ್ರಿ. ಅವತ್ತು ನಮ್ಮ ಮನೆಯೊಳಗೇ 34 ಇತ್ತು. ಗೆಳೆಯ ಇಟಲಿಯಿಂದ ತಂದಿದ್ದ ಬರೋಲೋ (ಅಲ್ಲಿನ ಹೆಸರಾಂತ ಗಟ್ಟಿ ರೆಡ್ ವೈನ್) ಬಾಟಲಿಯನ್ನು ಅಲಮಾರಿಯಿಂದ ತೆಗೆದು ಹಾಗೇ ಸುರಿದೆವು. ಮೂಗಿಗೆ ಬರೀ ಸ್ಪಿರಿಟ್ ಹೊಡೆಯಿತು. ಜೊತೆಗೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬೇರೆ. ಖಾರ ತಿಂದ ಬಾಯಿಗೆ ವೈನಿನ ಒಗರು ಇನ್ನೂ ಒರಟಾಗುತ್ತೆ, ಆಲ್ಕೋಹಾಲ್ ಉರಿಯುತ್ತೆ. ಆ ಬಾಟಲಿ ನೆನೆಸಿಕೊಂಡರೆ ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಹಾಗಾಗಿ ಮೊದಲು ಒಂದು ಬಕೆಟ್ ಐಸ್ ನೀರು ಇಟ್ಟುಕೊಳ್ಳಿ. ಕಾಲು ಗಂಟೆ ಸಾಕು. ಎಲ್ಲ ಬಾಟಲಿಯೂ ಒಂದೇ ತಂಪಿನಲ್ಲಿರಲಿ, ಇಲ್ಲದಿದ್ದರೆ ನೀವು ಹೋಲಿಸೋದು ವೈನನ್ನಲ್ಲ, ಸೆಕೆಯನ್ನು. ತುಂಬಾ ಹಳೆಯ ಬಾಟಲಿಯನ್ನು ಮಾತ್ರ ಹಿಂದಿನ ದಿನವೇ ಫ್ರಿಜ್ಜಿನಲ್ಲಿ ನೆಟ್ಟಗೆ ನಿಲ್ಲಿಸಿ, ಕುಡಿಯುವುದಕ್ಕೆ ಅರ್ಧ ಗಂಟೆ ಮುಂಚೆ ಹೊರಗೆ ತೆಗೆಯಿರಿ. ಗಸಿ ತಳಕ್ಕೆ ಕೂತಿರುತ್ತೆ. ಅಲುಗಿಸದೆ ನಿಧಾನಕ್ಕೆ ಬಗ್ಗಿಸಿ, ಗಸಿ ಕುತ್ತಿಗೆಗೆ ಬಂದ ಕೂಡಲೇ ನಿಲ್ಲಿಸಿ. ಕಾರ್ಕ್ ಪುಡಿಯಾಯ್ತಾ? ಚಹಾ ಸೋಸುವ ಜಾಲರಿ ಸಾಕು.

ಯಾವ ಬಾಟಲಿ ಅಂತೀರಾ? ಒಂದಕ್ಕೊಂದು ಹೋಲದಂಥವು ಇರಲಿ. ಕಳೆದ ಸಲ ನಮ್ಮದು ಒಂದು ಬರೋಲೋ, ಒಂದು ಸ್ಪೇನಿನ ರಿಯೋಹಾ ಗ್ರಾನ್ ರಿಸರ್ವಾ, ನಂದಿ ಬೆಟ್ಟದ ಕಡೆಯ ಗ್ರೋವರ್ ಲಾ ರಿಸರ್ವ್, ನಮ್ಮ ಪಕ್ಕದ ಕೊಪ್ಪಳ ಜಿಲ್ಲೆಯಲ್ಲೇ ಬೆಳೆದ ಕ್ಯಾಬರ್ನೆ ಅನ್ನೋ ದ್ರಾಕ್ಷಿಯ ಕೃಷ್ಮಾ ವೈನ್. ಬರೋಲೋ ಮಾರಾಟಕ್ಕೆ ಬರುವ ಮೊದಲೇ ಕನಿಷ್ಠ 38 ತಿಂಗಳು ಮಾಗಿರಬೇಕು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ. ಗ್ರಾನ್ ರಿಸರ್ವಾಕ್ಕೆ ಐದು ವರ್ಷ.

ಬಾಟಲಿಗಳಿಗೆ ಪೇಪರ್ ಸುತ್ತಿ ನಂಬರ್ ಹಾಕಿ. ಒಬ್ಬೊಬ್ಬರಿಗೆ 50 ಎಂಎಲ್ ಸಾಕು, ಜಾಸ್ತಿ ಬೇಡ. ಲೋಟವನ್ನು ಬಿಳಿ ಹಾಳೆಯ ಮೇಲೆ ಓರೆ ಮಾಡಿ ಅಂಚು ನೋಡಿ. ಹಳೆಯ ವೈನಿನ ಅಂಚು ಇಟ್ಟಿಗೆ ಬಣ್ಣಕ್ಕೆ ತಿರುಗಿರುತ್ತೆ. ಬರೋಲೋ ನೋಡೋಕೆ ತಿಳಿ, ಕುಡಿದರೆ ಒಸಡೆಲ್ಲ ಅಡಿಕೆ ಅಗಿದ ಹಾಗೆ ಹಿಡಿಯುತ್ತೆ. ಆ ಒಗರು ಬರೋದು ದ್ರಾಕ್ಷಿಯ ಸಿಪ್ಪೆ, ಬೀಜ, ಪೀಪಾಯಿಯ ಮರದಿಂದ. ವರ್ಷ ಕಳೆದಂತೆ ಅದು ಮೆತ್ತಗಾಗುತ್ತೆ. ಕೃಷ್ಮಾದಲ್ಲಿ ಬಣ್ಣ ಕಪ್ಪು ಕಪ್ಪು, ಹಣ್ಣಿನ ರುಚಿ ಮುಂದೆ. ರಿಯೋಹಾ ಆಗಲೇ ಮಾಗಿ ನುಣುಪಾಗಿತ್ತು. ನಮ್ಮಲ್ಲಿ ಇಬ್ಬರು ಕೊಪ್ಪಳದ್ದನ್ನೇ ಫಾರಿನ್ ಅಂದರು, ಪೇಪರ್ ಬಿಚ್ಚಿದಾಗ ನನಗೆ ನಿಜವಾಗಿಯೂ ಹೆಮ್ಮೆ ಆಯ್ತು.

ತಿನ್ನೋಕೆ ಖಾರ ಕಡಿಮೆ ಇರುವ, ಕಾಳುಮೆಣಸು ಹಾಕಿ ಹುರಿದ ಮಟನ್ ಇಡಿ. ಮಾಂಸದ ಜೊತೆ ಒಗರು ತಗ್ಗುತ್ತೆ. ಒಂದು ವೈನಿಂದ ಇನ್ನೊಂದಕ್ಕೆ ಹೋಗುವಾಗ ಖಡಕ್ ಜೋಳದ ರೊಟ್ಟಿ ಒಂದು ಚೂರು, ಒಂದು ಗುಟುಕು ನೀರು. ಬ್ರೆಡ್ಡಿಗಿಂತ ನಮ್ಮ ರೊಟ್ಟಿಯೇ ಬಾಯಿ ಚೆನ್ನಾಗಿ ತೊಳೆಯುತ್ತೆ ಅನ್ನೋದು ನನ್ನ ಅನುಭವ.

ಮತ್ತೆ, ಪ್ರತಿ ವೈನಿನಲ್ಲೂ ಒಂದು ಗುಟುಕು ಲೋಟದಲ್ಲೇ ಉಳಿಸಿ. ಕಳೆದ ಸಲ ಮೊದಲಿಗೆ ಬರೋಲೋ ವಾಸನೆಯೇ ಬಿಡದೆ ಮುಚ್ಚಿಕೊಂಡ ಹಾಗಿತ್ತು, ಯಾರೂ ಮೆಚ್ಚಲಿಲ್ಲ. ಒಂದು ಗಂಟೆ ಬಿಟ್ಟು ಅದೇ ಲೋಟ ಎತ್ತಿದರೆ ಒಣಗಿದ ಗುಲಾಬಿ ಎಸಳಿನ ವಾಸನೆ, ಹಿಂದೆಯೇ ಸಣ್ಣಗೆ ಡಾಂಬರು. ಅವತ್ತು ಏಪ್ರಿಲ್‌ನಲ್ಲಿ ನಮಗೆ ಸಿಗದೇ ಹೋಗಿದ್ದು ಇದೇ.