“ಯಾಕೆ ನಿಂತಿದೆ” ಅಂತ ಕೇಳಬೇಡಿ, ಅಳತೆ ಪುಸ್ತಕ ಕೇಳಿ

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮ ಬಡಾವಣೆಯಲ್ಲಿ ಪಾಲಿಕೆಯಿಂದ ಸಮುದಾಯ ಭವನ ಕಟ್ಟಲು ಶುರು ಮಾಡಿ ಎರಡು ವರ್ಷ ದಾಟಿತು. ಕಂಬ ಎಬ್ಬಿಸಿ, ಒಂದು ಮಹಡಿಗೆ ಮೋಲ್ಡ್ ಹಾಕಿ ಬಿಟ್ಟಿದ್ದಾರೆ. ಸ್ಥಳದಲ್ಲಿ ಬೋರ್ಡೂ ಇಲ್ಲ. ಎಷ್ಟು ಖರ್ಚಾಗಿದೆ, ಯಾಕೆ ನಿಂತಿದೆ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿದೆ. “ಕಾಮಗಾರಿ ಪ್ರಗತಿಯಲ್ಲಿದೆ” ಎಂಬ ಒಂದು ಸಾಲಿನ ಉತ್ತರ ಬಂತು. ನಾನು ಬಾಡಿಗೆ ಮನೆಯಲ್ಲಿರುವವನು. ಇದನ್ನೆಲ್ಲ ಕೇಳುವ ಹಕ್ಕು ನನಗಿದೆಯಾ?
– ಹೆಸರು ಬೇಡ, ಬೆಂಗಳೂರು

ಉತ್ತರ: ಖಂಡಿತ ಇದೆ. 2005ರ ಮಾಹಿತಿ ಹಕ್ಕು ಕಾಯ್ದೆ ಸ್ವಂತ ಮನೆ, ಬಾಡಿಗೆ ಮನೆ ಎಂದು ನೋಡುವುದಿಲ್ಲ. ದೇಶದ ಯಾವ ನಾಗರಿಕರೂ ಕೇಳಬಹುದು. ಯಾಕೆ ಬೇಕು ಎಂದು ಹೇಳಬೇಕಾಗಿಯೂ ಇಲ್ಲ. ಅರ್ಜಿಯಲ್ಲಿ ಕಾರಣ ಬರೆಯಲು ಹೋಗಬೇಡಿ.

ನಿಮ್ಮ ಅರ್ಜಿ ಸೋತಿದ್ದು “ಯಾಕೆ” ಎಂಬ ಪದದಲ್ಲಿ. ಕಚೇರಿಯಲ್ಲಿ ಇರುವ ದಾಖಲೆ ಕೊಡಿ ಎಂದಷ್ಟೇ ಈ ಕಾಯ್ದೆ ಹೇಳುತ್ತದೆ. ಇಲ್ಲದ ವಿವರಣೆಯನ್ನು ಬರೆದು ಕೊಡಿ ಎನ್ನುವುದಿಲ್ಲ. ಹಾಗಾಗಿ ಪ್ರಶ್ನೆ ಕೇಳಿದರೆ ಜಾರಿಕೊಳ್ಳುವುದು ಸುಲಭ. ದಾಖಲೆಯ ಹೆಸರು ಹಿಡಿದು ಕೇಳಿದರೆ ಅಷ್ಟು ಸುಲಭವಲ್ಲ.

ಒಂದು ಸರ್ಕಾರಿ ಕಟ್ಟಡದ ಹಿಂದೆ ಅಂದಾಜು ಪಟ್ಟಿ, ನಕ್ಷೆ, ಗುತ್ತಿಗೆ ಒಪ್ಪಂದ, ಕಾರ್ಯಾದೇಶ, ಅಳತೆ ಪುಸ್ತಕ, ಬಿಲ್ಲು ಎಲ್ಲವೂ ಇರುತ್ತವೆ. ಕೆಲಸ ತಡವಾಗಿದ್ದರೆ ಅವಧಿ ವಿಸ್ತರಣೆಗೆ ಗುತ್ತಿಗೆದಾರರು ಬರೆದ ಪತ್ರ, ತಡವೇಕೆ ಎಂದು ಇಂಜಿನಿಯರ್ ಕೊಟ್ಟ ನೋಟಿಸ್ ಕೂಡ ಇರಬಹುದು. ನಿಮ್ಮ “ಯಾಕೆ”ಗೆ ಉತ್ತರ ಸಿಗುವುದು ಈ ಪತ್ರಗಳಲ್ಲೇ.

ಇವುಗಳಲ್ಲಿ ಒಂದನ್ನೇ ಆರಿಸು ಎಂದರೆ ನಾನು ಅಳತೆ ಪುಸ್ತಕ ಆರಿಸುತ್ತೇನೆ. ಕಚೇರಿಯಲ್ಲಿ ಎಲ್ಲರೂ ಅದನ್ನು ಎಂ.ಬಿ. (ಮೆಷರ್‌ಮೆಂಟ್ ಬುಕ್) ಅನ್ನುತ್ತಾರೆ. ಇಂಜಿನಿಯರ್ ಸ್ಥಳಕ್ಕೆ ಬಂದು ಅಳೆದು, ಪಾಯ ಎಷ್ಟು ಆಳ, ಗೋಡೆ ಎಷ್ಟು ಉದ್ದ, ಕಬ್ಬಿಣ ಎಷ್ಟು ಎಂದು ಬಾಬ್ತುವಾರು ಬರೆದು, ತಾರೀಖು ಹಾಕಿ ಸಹಿ ಮಾಡುವ ಪುಸ್ತಕ ಅದು. ಬಿಲ್ಲು ಪಾಸಾಗುವುದು ಅದರ ಆಧಾರದ ಮೇಲೆ. ಹತ್ತು ಕಂಬ ಇರುವ ಕಡೆ ಪುಸ್ತಕದಲ್ಲಿ ಹದಿನಾಲ್ಕು ಇದ್ದರೆ ಅದನ್ನು ಎಣಿಸಲು ಇಂಜಿನಿಯರಿಂಗ್ ಓದಿರಬೇಕಿಲ್ಲ, ಅಲ್ವಾ?

ದಾಖಲೆಯ ಪ್ರತಿ ಕೇಳುವ ಮೊದಲು ಕಡತ ನೋಡಲು ಅವಕಾಶ ಕೇಳಿ. ಇದನ್ನು ಜನ ಬಳಸುವುದೇ ಕಡಿಮೆ, ನನಗೆ ಅದು ಬೇಸರ. ಕಾಯ್ದೆಯ 2(ಜೆ) ಕಲಂನಲ್ಲಿ ದಾಖಲೆ ಮಾತ್ರವಲ್ಲ, ಕಾಮಗಾರಿಯನ್ನೇ ಪರಿಶೀಲಿಸುವ ಹಕ್ಕಿದೆ. ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿಯನ್ನೂ ಕೇಳಬಹುದು. ಕುಳಿತು ಕಡತ ತಿರುವಿ, ಬೇಕಾದ ಹಾಳೆ ಗುರುತು ಮಾಡಿಕೊಂಡು, ಅಷ್ಟಕ್ಕೇ ಪ್ರತಿ ಪಡೆಯಿರಿ. ಸುಮ್ನೆ ನೂರಾರು ಪುಟಕ್ಕೆ ದುಡ್ಡು ಕಟ್ಟಬೇಡಿ. ಎ4 ಪುಟಕ್ಕೆ 2 ರೂಪಾಯಿ, ಅರ್ಜಿಗೆ 10 ರೂಪಾಯಿ. ಅಂಚೆ ಕಚೇರಿಯ ಪೋಸ್ಟಲ್ ಆರ್ಡರ್ ಸಾಕು. ರಾಜ್ಯದ ಆನ್‌ಲೈನ್ ಆರ್‌ಟಿಐ ಪೋರ್ಟಲ್ ಕೂಡ ಇದೆ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದದೊಳಗೆ ಇರಬೇಕು ಎಂದಿದೆ. ಭವನದ ಜೊತೆ ಮೋರಿ, ಬೀದಿದೀಪ ಸೇರಿಸಬೇಡಿ.

ಕೆಲಸ ಕೊಟ್ಟದ್ದು ಹೇಗೆ ಎಂಬುದನ್ನೂ ನೋಡಿ. ಸರ್ಕಾರಿ ಖರೀದಿ, ಗುತ್ತಿಗೆಗಳಿಗೆ ಅನ್ವಯಿಸುವ ಕರ್ನಾಟಕದ 1999ರ ಪಾರದರ್ಶಕ ಕಾಯ್ದೆಯ ಪ್ರಕಾರ ಟೆಂಡರ್ ಕರೆಯುವುದು ನಿಯಮ. ಕರೆದಿದ್ದರೆ ರಾಜ್ಯದ ಖರೀದಿ ಪೋರ್ಟಲ್‌ನಲ್ಲಿ ಹುಡುಕಬಹುದು. ಟೆಂಡರ್ ಇಲ್ಲದೆ ಕೊಟ್ಟಿದ್ದರೆ ಅದೇ ಪಾರದರ್ಶಕ ಕಾಯ್ದೆಯ 4(ಜಿ) ಕಲಂನಡಿ ಕೊಟ್ಟ ವಿನಾಯಿತಿ ಆದೇಶದ ಪ್ರತಿ ಕೇಳಿ.

ಇನ್ನೊಂದು ತೊಡಕು ಬೆಂಗಳೂರಿನದೇ. 2025ರ ಸೆಪ್ಟೆಂಬರ್ 2ರಿಂದ ಬಿಬಿಎಂಪಿ ಜಾಗದಲ್ಲಿ ಐದು ಪಾಲಿಕೆಗಳು ಬಂದಿವೆ. ನಿಮ್ಮ ಭವನ ಅದಕ್ಕೂ ಮೊದಲಿನದು. “ಆ ಫೈಲ್ ನಮ್ಮಲ್ಲಿಲ್ಲ” ಎಂದು ಹೇಳಬಹುದು. ಹೆದರಬೇಡಿ. ಬೇರೆ ಕಚೇರಿಯದಾದರೆ 5 ದಿನದೊಳಗೆ ಅರ್ಜಿಯನ್ನು ಅವರೇ ಅಲ್ಲಿಗೆ ಕಳಿಸಬೇಕು, ನಿಮಗೂ ತಿಳಿಸಬೇಕು. ಅದು 6(3)ನೇ ಕಲಂ. ಅರ್ಜಿಯ ಕೊನೆಯಲ್ಲಿ ಅದನ್ನೇ ಒಂದು ಸಾಲು ಬರೆದುಬಿಡಿ.

ಹಿಂದೆ ಇಂಥದ್ದನ್ನು ಕಾರ್ಪೊರೇಟರ್ ಮನೆಗೇ ಹೋಗಿ ಕೇಳುತ್ತಿದ್ದೆವು. 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. ನಿಮ್ಮಂಥವರ ಅರ್ಜಿಗೆ ಬೆಲೆ ಜಾಸ್ತಿಯಾಗಿರುವುದು ಅದಕ್ಕೇ.

ಈಗ ಬಂದಿರುವ ಒಂದು ಸಾಲಿನ ಉತ್ತರವನ್ನು ಎಸೆಯಬೇಡಿ. ಅದು ಕೈಗೆ ಬಂದ 30 ದಿನದೊಳಗೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ ಹಾಕಿ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಹೋಗಬಹುದು. ಸಕಾರಣವಿಲ್ಲದೆ ಮಾಹಿತಿ ತಡೆದ ಅಧಿಕಾರಿಗೆ ದಿನಕ್ಕೆ 250ರಂತೆ 25,000 ರೂಪಾಯಿವರೆಗೆ ದಂಡ ಹಾಕುವ ಅಧಿಕಾರ ಆಯೋಗಕ್ಕಿದೆ. ಆದರೆ ಆಯೋಗದ ದಾರಿ ನಿಧಾನ. ಮೇಲ್ಮನವಿಯ ಜೊತೆಗೇ ದಾಖಲೆಗಳ ಹೆಸರು ಹಾಕಿ ಹೊಸ ಅರ್ಜಿಯನ್ನೂ ಕೊಡಿ. ಅದಕ್ಕೆ 30 ದಿನದಲ್ಲಿ ಉತ್ತರ ಬರಬೇಕು.

ಕಡತ ನೋಡಲು ಕರೆದ ದಿನ ಒಬ್ಬರೇ ಹೋಗಬೇಡಿ. ಗಾರೆ ಕೆಲಸ ಗೊತ್ತಿರುವ ಮೇಸ್ತ್ರಿ ಯಾರಾದರೂ ಪರಿಚಯವಿದ್ದರೆ ಜೊತೆಗೆ ಬರಲು ಕೇಳಿ. ಎಂ.ಬಿ. ಕೈಗೆ ಬಂದ ಕೂಡಲೇ ಕೊನೆಯ ಅಳತೆಯ ತಾರೀಖು ಬರೆದುಕೊಳ್ಳಿ. ಆ ತಾರೀಖಿನ ನಂತರ ಬಿಲ್ಲು ಪಾವತಿಯಾಗಿದೆಯಾ ನೋಡಿ, ನನಗೆ ಮತ್ತೆ ಬರೆಯಿರಿ.